ಗಟ್ಟಿಯಾಗದ ಬೆಲ್ಲ

ಈ ಕತೆ ನಡೆದಾಗ ಕೊಪ್ಪರಿಗೆ ಪಕ್ಕದಲ್ಲೇ ನಿಂತಿದ್ದೆ ನಾನು, ನಾನಿಲ್ಲದಿದ್ದರೆ ಬೆಲ್ಲವೇ ಆಗ್ತಿರಲಿಲ್ಲ. ಸುಳ್ಳು ಬಿಡಿ, ನಮ್ಮಜ್ಜಿ ಹೇಳಿದ್ದು, ನಿದ್ದೆಗಣ್ಣಲ್ಲಿ ಕೇಳಿದ್ದು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೇ ಇನ್ನೂ ಹಲ್ಲು ಹುಟ್ಟದಿದ್ದ ಕಾಲದಲ್ಲಿ, ಪುಟ್ಟಮಾದಮ್ಮ ಅಂತ ಒಬ್ಬ ಮುದುಕಿ ಇದ್ದಳಂತೆ, ಅವಳಿಗೊಂದು ಆಲೆಮನೆ, ಮೂವರು ಗಂಡುಮಕ್ಕಳು. ಆ ವರ್ಷ ಏನು ಮಾಡಿದರೂ ಬೆಲ್ಲ ಗಟ್ಟಿಯಾಗಲೇ ಇಲ್ಲವಂತೆ, ಅಚ್ಚಿಗೆ ಹುಯ್ದರೆ ಅಂಬಲಿ ಹಾಗೆ ಹರಿಯೋದಂತೆ. ಕಡಿದ ಕಬ್ಬು ಅಂಗಳದಲ್ಲಿ ಹುಳಿ ಹಿಡೀತಾ ಇತ್ತು, ಅದು ಕೆಟ್ಟರೆ ವರ್ಷದ ಅನ್ನವೇ ಹೋದ ಹಾಗೆ. ತಿರುವಿ ತಿರುವಿ ಮುದುಕಿಯ ರಟ್ಟೆ ಬಿದ್ದುಹೋಗಿತ್ತಂತೆ.

ಹಿರಿಯ ಬೋರ ಅಂದನಂತೆ, ಅವ್ವ, ಗದ್ದೆ ಚೌಳು ಹಿಡಿದದೆ, ಕಬ್ಬಲ್ಲೇ ಉಪ್ಪು, ಆ ಗದ್ದೆ ಬಿಟ್ಟುಬಿಡವ್ವ. ನಡುವಿನವ ಜವರ, ಅಲ್ಲ ಕಣವ್ವ, ಕೊಪ್ಪರಿಗೆಗೆ ಕಿಲುಬು, ಹೊಸದು ತರಬೇಕು ಅಂದನಂತೆ. ಕಿರಿಯ ಸಿದ್ದ, ಇಬ್ಬರಿಗೂ ತಲೆ ಇಲ್ಲ, ಗಾಳಿ ಬಡಿದು ಬೆಂಕಿ ಒಂದೇ ಸಮ ಉರೀತಿಲ್ಲ, ಒಲೆಗೆ ಗರಿ ತಟ್ಟಿ ಮರೆ ಕಟ್ಟಬೇಕು ಅಂದನಂತೆ.

ಆಮೇಲೆ ಪಕ್ಕದ ಗದ್ದೆ ಕಬ್ಬು ತಂದು ಕಾಯಿಸಿದರಂತೆ, ಆಗಲಿಲ್ಲ. ಸೋತೆ ಅನ್ನೋ ಅಂತ ತಮ್ಮಂದಿರು ಅಂದರೆ ಬೋರ, ಅಲ್ಲಿಗೂ ನಮ್ಮ ಕಾಲುವೆ ನೀರೇ ಹೋಗೋದು, ಉಪ್ಪು ಅಲ್ಲೂ ಅದೆ ಅಂದನಂತೆ. ಆಮೇಲೆ ನೆಂಟರು ಮೂಲೆಗೆ ಹಾಕಿದ್ದ ಕೊಪ್ಪರಿಗೆ ಹೊತ್ತು ತಂದರು, ಅದರಲ್ಲೂ ಆಗಲಿಲ್ಲ, ಅದಕ್ಕೂ ಕಿಲುಬೇ ಅಂದನಂತೆ ಜವರ. ಆಮೇಲೆ ಗಾಳಿ ನಿಂತ ಹೊತ್ತು ನೋಡಿ ಕಾಯಿಸಿದರು, ಅದೂ ಹರೀತು, ಗಾಳಿ ಮೇಲ್ಗಡೆ ಮಾತ್ರ ನಿಂತದೆ, ಒಲೆಬಾಯಲ್ಲಿ ನುಗ್ತಾನೇ ಅದೆ ಅಂದನಂತೆ ಸಿದ್ದ.

ಮುದುಕಿ ಒಲೆ ಮುಂದೆ ಕುಸಿದು ಕೂತು ಕೇಳಿದಳಂತೆ, ಲೇ, ಏನು ಕಂಡರೆ ನಿಮ್ಮ ಮಾತು ತಪ್ಪು ಅಂತ ಒಪ್ಕೋತೀರ್ರೋ? ಮೂವರೂ ತಲೆ ಕೆರಕೊಂಡರಂತೆ.

ವರ್ಷವೆಲ್ಲ ಕಾಯಿಸಿದರೂ ಇವರಲ್ಲಿ ಒಬ್ಬನೂ ಸೋಲಲ್ಲ ಅಂತ ಅವಳಿಗೆ ಗೊತ್ತಾಯ್ತಂತೆ. ಬೋರನ ಮಾತು ಕೇಳಿ ತಪ್ಪಾದರೆ ಗದ್ದೆ ಹೋಯ್ತು, ಜವರನ ಮಾತು ಕೇಳಿ ತಪ್ಪಾದರೆ ಹೊಸ ಕೊಪ್ಪರಿಗೆಗೆ ಅಂತ ಮಾರಿದ ಹಸು ಹೋಯ್ತು, ಸಿದ್ದನ ಮಾತು ಕೇಳಿ ತಪ್ಪಾದರೆ ಹೋಗೋದು ತಟ್ಟಿಯ ನಾಲ್ಕು ತೆಂಗಿನಗರಿ. ಕಟ್ಟ್ರೋ ತಟ್ಟಿ, ನಂಗೆ ಸಾಕಾಯ್ತು ಅಂದಳಂತೆ.

ತಟ್ಟಿ ಕಟ್ಟಿದರು, ಕಾಯಿಸಿದರು, ಬೆಲ್ಲ ಅಚ್ಚಲ್ಲಿ ಕಲ್ಲಿನ ಹಾಗೆ ಕೂತಿತಂತೆ! ಸಿದ್ದ ಕುಣಿದನಂತೆ. ಬೋರ, ಇವತ್ತು ಹಾಕಿದ್ದು ಮೇಲ್ಗದ್ದೆ ಕಬ್ಬು, ಅಲ್ಲಿ ಚೌಳಿಲ್ಲ ಅಂದನಂತೆ. ಜವರ, ಬೆಳಿಗ್ಗೆ ಹುಣಸೆಹಣ್ಣು ಹಾಕಿ ಕಿಲುಬು ಉಜ್ಜಿದ್ದು ಯಾರು ಅಂದನಂತೆ. ಮತ್ತೆ ಶುರು. ಮುದುಕಿ ಬೆಚ್ಚಗಿನ ಬೆಲ್ಲ ಮುರಿದು ಮೂರು ಬಾಯಿಗೂ ತುರುಕಿ, ಕಾರಣ ಶಿವನಿಗೇ ಗೊತ್ತು, ತಟ್ಟಿ ಮಾತ್ರ ಯಾವನೂ ಬಿಚ್ಚಬೇಡಿ ಅಂದು, ಅಲ್ಲೇ ಕಾಲು ಚಾಚಿ ಮಲಗಿದಳಂತೆ. ಕಬ್ಬೆಲ್ಲ ಬೆಲ್ಲವಾಯ್ತಂತೆ, ಮನೆ ತುಂಬಿತಂತೆ.

ಅಲ್ಲಿಗೆ ಕತೆಯೂ ಮುಗೀತು, ಅಜ್ಜಿ ದೀಪ ಆರಿಸಿದಳು. ಈ ಟೀ ಕಾಸು ನೀವೇ ಕೊಟ್ಟುಬಿಡಿ ಸ್ವಾಮಿ, ಗಂಟಲೆಲ್ಲ ಒಣಗಿಹೋಯ್ತು.