ವಾರಗಿತ್ತಿ ಫೋಟೋನ ಮೀರಿಸೋಕೆ ಹೋದ ದಾಕ್ಷಾಯಿಣಿ

ದಾಕ್ಷಾಯಿಣಿಗೆ ಇದ್ದೋನೊಬ್ಬ ಮಗ, ಷಡಕ್ಷರಿ. ಹೇಳಿದ ಮಾತು ಬಿಗಿಯಾಗಿ ಹಿಡ್ಕೊಳೋನು, ಬಿಡ್ತಾನೇ ಇರ್ಲಿಲ್ಲ. "ಇವನ್ನ ಹೆತ್ತು ಏನು ಸುಖ ಕಂಡೆ!" ಅಂತ ಅವಳು ಗೋಳಾಡೋಳು. ಅದಕ್ಕಿಂತ ದೊಡ್ಡ ಗೋಳು ವಾರಗಿತ್ತಿ ಪಂಕಜಾಕ್ಷಿದು. ಹೋದ ಬೇಸಿಗೇಲಿ ಅವಳು ಫ್ರಾನ್ಸಿಗೋಗಿ, ಒಳಗೇ ಒಲೆ, ಹಾಸಿಗೆ ಇರೋ ವ್ಯಾನಲ್ಲಿ ಬೆಟ್ಟ ಸುತ್ತಿ, ಕೆರೆ ಪಕ್ಕ ಫೋಟೋ ಹೊಡಿಸ್ಕೊಂಡಿದ್ಲು. ನೆಂಟ್ರಿಗೆಲ್ಲಾ ತೋರಿಸಿದ್ದೇ ತೋರಿಸಿದ್ದು! ದಾಕ್ಷಾಯಿಣಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಅದನ್ನ ಮೀರಿಸೋ ಫೋಟೋ ಬೇಕು ಅಂತ ಈ ಬೇಸಿಗೆಗೆ ಮಗನ್ನ ಎಳ್ಕೊಂಡು ತಾನೂ ಫ್ರಾನ್ಸಿಗೆ ಹೊರಟೇಬಿಟ್ಲು.

ಅಲ್ಲಿ ಬಾಡಿಗೆ ವ್ಯಾನಿಗೆ ಕುಂಕುಮ ಇಟ್ಟು, ಚಕ್ರದ ಮುಂದೆ ನಿಂಬೆಹಣ್ಣಿಟ್ಲು. "ಹೊರಡೋ!"

"ಹಣ್ಣು ಜಜ್ಜೋಗುತ್ತಮ್ಮ!"

"ಜಜ್ಜಲೀಂತಲೇ ಇಡೋದು ಕಣೋ ಪೆದ್ದೇ! ಚಕ್ರದ ಮುಂದೆ ಏನಿಟ್ಟಿದ್ರೂ ಹತ್ತಿಸ್ಕೊಂಡು ಹೋಗ್ಬೇಕು!"

"ಆಯ್ತಮ್ಮ."

ಮಾರನೇ ಬೆಳಿಗ್ಗೆ, ವ್ಯಾನುಗಳು ತಂಗೋ ಮೈದಾನದಲ್ಲಿ, ಪಕ್ಕದ ವ್ಯಾನಿನ ಅಜ್ಜಿ ಇವರ ಚಕ್ರದ ಮುಂದೇನೇ ಮೇಜಿಟ್ಟು, ಬ್ರೆಡ್ಡು ಜೋಡಿಸಿ, ಕಾಫಿ ತರೋಕೆ ಹೋದ್ಲು. ಷಡಕ್ಷರಿ ಹತ್ತಿಸ್ದ. ಮೇಜು ಲಟಲಟ! ಬ್ರೆಡ್ಡು ಹೋಗಿ ಚಪಾತಿ! ಅಜ್ಜಿ ತನ್ನ ಭಾಷೇಲಿ ಉಗಿದ್ಲು. ಭಾಷೆ ತಿಳೀದಿದ್ರೂ ಉಗಿದಿದ್ದು ತಿಳೀತು.

"ಥೂ ನಿನ್ನ! ಪಂಕಜಾಕ್ಷಿ ಮಗ ಹಿಂಗೆ ಮಾಡಿದ್ನಾ? ಏನಾದ್ರೂ ಅಡ್ಡ ಇದ್ರೆ ಇಳಿದು, ಕೈಯಾರೆ ಎತ್ತಿ ಪಕ್ಕಕ್ಕಿಡ್ಬೇಕು!"

"ಆಯ್ತಮ್ಮ."

ಬೆಟ್ಟದ ತಿರುವಲ್ಲಿ ಕುರಿ ಮಂದೆ ಅಡ್ಡ ಬಂತು. ಷಡಕ್ಷರಿ ಇಳಿದ. ಒಂದು ಕುರಿ ಎತ್ತಿ ಪಕ್ಕಕ್ಕಿಟ್ಟ. ಇನ್ನೊಂದು ಎತ್ತಿ ಪಕ್ಕಕ್ಕಿಟ್ಟ. ಅಷ್ಟರಲ್ಲಿ ಮೊದಲ್ನೇದು ವಾಪಸ್ ಬಂದಿತ್ತು! ಹಿಂದೆ ಕಾರುಗಳ ಸಾಲು, ಪೀಂ ಪೀಂ! ಕುರಿಯವನು ಕೋಲೆತ್ಕೊಂಡು ಬಂದ.

"ಅಯ್ಯೋ ನನ್ ಕರ್ಮವೇ! ಜೀವ ಇರೋದನ್ನ ಮುಟ್ಬೇಡ ಕಣೋ! ಜೀವ ಇಲ್ದೇ ಅಡ್ಡ ಬಿದ್ದಿರೋದನ್ನ ಮಾತ್ರ ತೆಗಿ!"

"ಆಯ್ತಮ್ಮ."

ಕೊನೆಗೂ ಕೆರೆ ಸಿಕ್ತು. ಪಂಕಜಾಕ್ಷಿ ಕೆರೆಗಿಂತ ದೊಡ್ಡದು! ಇಳಿಜಾರಲ್ಲಿ ವ್ಯಾನ್ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡು ಅಂದ್ಲು, ಕೊಟ್ಟ. ಬ್ರೇಕು ಎಳಿ ಅಂತ ಅವಳು ಹೇಳ್ಲಿಲ್ಲ, ಅವನು ಎಳೀಲಿಲ್ಲ. ರೇಷ್ಮೆ ಸೀರೆ ಉಟ್ಕೊಂಡು ವ್ಯಾನಿನ ಬಾಗಿಲಲ್ಲಿ ಕೂತ್ಲು.

"ನಾನು, ವ್ಯಾನು, ಕೆರೆ ಮೂರೂ ಬರ್ಬೇಕು. ತೆಗೆದ ತಕ್ಷಣ ನಿಮ್ ಚಿಕ್ಕಮ್ಮಂಗೆ ಕಳಿಸು, ಹೊಟ್ಟೆ ಉರ್ಕೊಳ್ಳಿ!"

ಫೋನಲ್ಲಿ ನೋಡ್ದ. ಚಕ್ರಕ್ಕೆ ಮರದ ತುಂಡು ಅಡ್ಡ. ಜೀವ ಇದ್ಯಾ? ಇಲ್ಲ. ತೆಗೆದ!

ವ್ಯಾನು ಗಡಗಡ ಅಂತ ಕೆರೆಗಿಳೀತು. ಸೊಂಟದುದ್ದ ನೀರಲ್ಲಿ ನಿಂತ್ಕೊಂಡ್ತು.

"ಕೈ ಕೊಡೋ! ಎಳ್ಕೊಳೋ ನನ್ನ!"

"ಜೀವ ಇರೋದನ್ನ ಮುಟ್ಬೇಡ ಅಂದ್ಯಲ್ಲಮ್ಮ!"

ಅಮ್ಮ, ವ್ಯಾನು, ಕೆರೆ, ಮೂರೂ ಚೆನ್ನಾಗಿ ಬಂದಿದ್ವು. ಹೊಡ್ದ. ಕಳಿಸ್ದ. ಟಿಂಗ್ ಅಂತ ಉತ್ರಾನೂ ಬಂತು.

"ಅಮ್ಮಾ! ಚಿಕ್ಕಮ್ಮ ಉರ್ಕೊಂಡವ್ರೆ! 'ನಮ್ಮನ್ನ ಬರೀ ದಡದಲ್ಲೇ ನಿಲ್ಲಿಸಿದ್ರು, ನಿಮ್ಮನ್ನ ಒಳಗೆ ಹೆಂಗೆ ಬಿಟ್ರು?' ಅಂತ ಕೇಳ್ತಾವ್ರೆ. ಏನ್ ಹೇಳ್ಲಿ?"