ಹಸಿರೆಲೆ ಕತ್ತರಿಸಿದ ವ್ಯಾಪಾರಿ

“ಗುರುಗಳೇ, ಧ್ಯಾನಕ್ಕೆ ಬೇಡವಾದದ್ದನ್ನೆಲ್ಲ ಬಿಡುತ್ತಾ ಬಂದಿದ್ದೇನೆ. ಹರಟೆ ಬಿಟ್ಟೆ, ಹಾಡು ಬಿಟ್ಟೆ, ಮನೆಯವರ ಯೋಚನೆಯನ್ನೂ ಬಿಟ್ಟೆ. ಇನ್ನೇನನ್ನು ಬಿಡಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನೊಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿಯಿದ್ದ. ಕಡಲಾಚೆಗೆ ಹೋಗಿಬಂದ ಗೆಳೆಯನೊಬ್ಬ ಅವನಿಗೆ ಕುಂಡದಲ್ಲೊಂದು ಗಿಡ ತಂದುಕೊಟ್ಟ. ಹೂವಿಲ್ಲ, ಹಣ್ಣಿಲ್ಲ, ಬರೀ ಎಲೆ. ಆದರೆ ಎಂಥ ಎಲೆ! ಹಸಿರಿನ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳುಪು. ಹತ್ತೂರಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ವ್ಯಾಪಾರಿಗೆ ಅದರ ಮೇಲೆ ಜೀವ. ಅಂಗಡಿಗೆ ಹೊರಡುವ ಮುಂಚೆ ಮೆತ್ತನೆಯ ಬಟ್ಟೆಯಿಂದ ಒಂದೊಂದೇ ಎಲೆಯ ಧೂಳು ಒರೆಸುತ್ತಿದ್ದ. “ಮಕ್ಕಳ ಮೂಗನ್ನು ಒಂದು ದಿನವಾದರೂ ಹೀಗೆ ಒರೆಸಿದ್ದುಂಟಾ?” ಎಂದು ಹೆಂಡತಿ ಛೇಡಿಸುತ್ತಿದ್ದಳು.

ಒಮ್ಮೆ ಅಪ್ಪಟ ಬಿಳಿಯ ಎಲೆಯೊಂದು ಮೂಡಿತು. ನೋಡಿದವರೆಲ್ಲ ಅದನ್ನೇ ಹೊಗಳಿದರು. ಅಲ್ಲಿಂದ ಅವನಿಗೆ ಹಸಿರು ಕಾಲಕಸವಾಯಿತು. ಹಸಿರು ಕಂಡ ಎಲೆಯನ್ನೆಲ್ಲ ಬಟ್ಟೆ ಕತ್ತರಿಯಿಂದ ಕತ್ತರಿಸುತ್ತಾ ಬಂದ. ಕೊನೆಗೆ ಬಿಳಿ ಎಲೆಗಳಷ್ಟೇ ಉಳಿದವು. ನೋಡಲು ಊರಿಗೆ ಊರೇ ಬಂತು.

ತಿಂಗಳೊಳಗೆ ಆ ಎಲೆಗಳ ಅಂಚು ಸುಟ್ಟ ಹಪ್ಪಳದಂತಾಯಿತು. ಚಿಗುರು ನಿಂತೇಹೋಯಿತು. ನೀರು ಹೆಚ್ಚಿಸಿದ, ಗೊಬ್ಬರ ಹಾಕಿದ, ದೃಷ್ಟಿಯನ್ನೂ ತೆಗೆಸಿದ. ಗಿಡ ಬಾಡುತ್ತಲೇ ಹೋಯಿತು. ಅವನಿಗೆ ಅನ್ನ ಸೇರದಾಯಿತು. ಹೂದೋಟ ನೋಡಿಕೊಳ್ಳುತ್ತಿದ್ದ ಮುದುಕಿಯೊಬ್ಬಳನ್ನು ಕರೆಸಿದ.

ಮುದುಕಿ ಹಣೆ ಚಚ್ಚಿಕೊಂಡಳು. “ಅಯ್ಯೋ ಧಣಿ, ಬಿಸಿಲು ಹಿಡಿದು ಗಿಡಕ್ಕೆ ಉಣಿಸೋದು ಹಸಿರು. ಬಿಳಿಯವು ಕೂತು ಉಣ್ಣೋವು. ಅಡುಗೆಯವರನ್ನೆಲ್ಲ ಓಡಿಸಿ ನೆಂಟರನ್ನು ಪಂಕ್ತಿಗೆ ಕೂರಿಸಿದ್ದೀರಲ್ಲ!”

“ಉಳಿಯುತ್ತದಾ ಅಜ್ಜೀ?”

ಅವಳು ಕಾಂಡವನ್ನು ಬೆರಳಿನಿಂದ ಸವರಿದಳು. ಬುಡದ ಗೆಣ್ಣಿನ ಹತ್ತಿರ ಹಸಿರಿನ ಗೆರೆಯೊಂದಿತ್ತು. “ಇದರಿಂದ ಮೇಲಿರೋದನ್ನೆಲ್ಲ ಕತ್ತರಿಸಿ. ನೀವೇ ಕತ್ತರಿಸಬೇಕು.”

ಊರು ಹೊಗಳಿದ ಎಲೆಗಳನ್ನು ಅವನೇ ಕತ್ತರಿಸಿದ. ಕುಂಡದಲ್ಲಿ ಗೇಣುದ್ದದ ಮೋಟು ಉಳಿಯಿತು. ನೋಡಲು ಬಂದವರು ನಕ್ಕು ಹೋದರು, ಮತ್ತೆ ಬರಲಿಲ್ಲ. ಎರಡು ತಿಂಗಳ ಮೇಲೆ ಗೆಣ್ಣಿನಿಂದ ಎಲೆಯೊಂದು ಸುರುಳಿ ಬಿಚ್ಚಿತು. ಅಚ್ಚ ಹಸಿರು, ಯಾವ ಬೇಲಿಯಲ್ಲಾದರೂ ಸಿಗುವಂಥದ್ದು. ವ್ಯಾಪಾರಿ ಅದರ ಮುಂದೆ ಕೂತು ಮಗುವಿನ ಹಾಗೆ ಅತ್ತ.

ಕತೆ ಮುಗಿಯಿತು. ಗುರುಗಳು ಶಿಷ್ಯನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು:

“ಹೋದ ತಿಂಗಳು ನಿನ್ನ ತಂಗಿ ಹೆತ್ತಳಲ್ಲಪ್ಪಾ, ಮಗುವಿಗೆ ಏನು ಹೆಸರಿಟ್ಟರಂತೆ?”

ಶಿಷ್ಯನಿಗೆ ಗೊತ್ತಿರಲಿಲ್ಲ.