ರೊಟ್ಟಿ ಬಂದಳು

ಹೊಳೆಯ ಈಚೆ ದಂಡೆಗೆ ಮುರಹರಿ ಗುರುಗಳ ಆಶ್ರಮ. ಆಚೆ ದಂಡೆಯಿಂದ ಮರಾಠಿ ಸೀಮೆ ಶುರು.

ಒಂದು ದಿನ ಆಚೆಯಿಂದ ಧೋಂಡೋಪಂತರು ಎಂಬವರು ದೋಣಿ ಇಳಿದು ಬಂದರು. ಐವತ್ತು ದಾಟಿದ ವಯಸ್ಸು. ಸಂಸ್ಕೃತ ಬಲ್ಲವರು, ನಾಲ್ಕು ಜನರಲ್ಲಿ ಮರ್ಯಾದೆ ಉಳ್ಳವರು. ಗುರುಗಳ ಪಾದ ಮುಟ್ಟಿ, ತಮಗೆ ಕನ್ನಡ ಕಲಿಸಬೇಕೆಂದು ಕೇಳಿಕೊಂಡರು.

ಗುರುಗಳಿಗೆ ಮರಾಠಿಯೂ ಬರುತ್ತಿತ್ತು. ಈ ವಯಸ್ಸಿನಲ್ಲಿ ಕನ್ನಡ ಯಾತಕ್ಕೆ ಬೇಕಾಯಿತು ಎಂದು ವಿಚಾರಿಸಿದರು.

ಪಂತರು ತಮ್ಮ ಸಂಕಟ ಹೇಳಿಕೊಂಡರು. ಅವರಿಗೆ ಒಬ್ಬಳೇ ಮಗಳು, ಗೋದು. ಅವಳನ್ನು ಈಚೆ ದಂಡೆಯ ಕನ್ನಡದವರ ಮನೆಗೆ ಕೊಟ್ಟಿದ್ದರು. ಎರಡು ವರ್ಷದ ಹೆಣ್ಣುಕೂಸನ್ನು ಬಿಟ್ಟು ಆಕೆ ತೀರಿಕೊಂಡಳು. ಆ ಕೂಸು ರಿಂದಾಳಿಗೆ ಈಗ ಆರು ವರ್ಷ. ಬೀಗರ ಮನೆಯಲ್ಲೇ ಬೆಳೆಯುತ್ತಿದ್ದಾಳೆ. ಬರುವುದು ಕನ್ನಡವೊಂದೇ.

ಹೋದ ಸಂಕ್ರಾಂತಿಗೆ ನೋಡಲು ಹೋದಾಗ ಮಗು ಹತ್ತಿರ ಬಂದು ಏನೋ ಕೇಳಿತು. ಪಂತರಿಗೆ ತಿಳಿಯಲಿಲ್ಲ. ನಕ್ಕು, ಕೈಗೊಂದು ಎಳ್ಳುಂಡೆ ಕೊಟ್ಟರು. ಮಗು ಉಂಡೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಯಿತು. ಮತ್ತೆ ಹೊರಗೆ ಬರಲಿಲ್ಲ.

ಅದು ಕೇಳಿದ್ದರ ಅರ್ಥವನ್ನು ಬೀಗರು ಆಮೇಲೆ ತಮ್ಮ ಹರಕು ಮರಾಠಿಯಲ್ಲಿ ಹೇಳಿದರು. ನಮ್ಮವ್ವ ನನ್ನಷ್ಟಿದ್ದಾಗ ಹ್ಯಾಂಗಿದ್ದಳು ಎಂದು ಕೇಳಿತ್ತಂತೆ.

“ಅದನ್ನು ಬಲ್ಲವನು ಈಗ ನಾನೊಬ್ಬನೇ,” ಎಂದರು ಪಂತರು. “ನಾನು ಹೋದರೆ ಅದೂ ಹೋಗುತ್ತದೆ.”

ಗುರುಗಳು ಅವರಿಗೆ ಇರಲು ಒಂದು ಕೋಣೆ ತೋರಿಸಿದರು.

ಪಂತರು ಕಲಿಯಲು ಕೂತ ರೀತಿ ಮೆಚ್ಚುವಂಥದ್ದು. ಸ್ನಾನ, ಸಂಧ್ಯೆ ಮುಗಿಸಿ ಕೂತರೆ ಊಟದ ಗಂಟೆಗೇ ಏಳುವುದು. ಒಂದು ಪುಸ್ತಕ ಹೊಲಿದುಕೊಂಡು ಶಬ್ದ, ವಿಭಕ್ತಿ, ಲಿಂಗ, ವಚನ ಎಲ್ಲ ಬರೆದರು. ನಾಲ್ಕು ತಿಂಗಳಿಗೆ ಪುಸ್ತಕ ತುಂಬಿತು.

ಆದರೆ ಯಾರ ಕೂಡಲೂ ಒಂದು ಮಾತು ಆಡಲಿಲ್ಲ. ಭಾಷೆ ಪೂರ್ತಿ ಬಂದ ಮೇಲೆಯೇ ಬಾಯಿ ತೆರೆಯುವುದೆಂದು ನೇಮ ಮಾಡಿಕೊಂಡಿದ್ದರು.

ಒಂದು ದಿನ ಗುರುಗಳು ಅವರನ್ನು ಕರೆದು, ಮೊಮ್ಮಗಳ ಹತ್ತಿರ ಹೋಗುವುದು ಯಾವಾಗ ಎಂದರು.

ಪಂತರು ತಲೆ ತಗ್ಗಿಸಿದರು. “ನಾಲಿಗೆ ಬಲಿತುಹೋಗಿದೆ, ಗುರುಗಳೇ. ಮಕ್ಕಳಿಗಾದರೆ ಭಾಷೆ ಸಲೀಸಾಗಿ ಬರುತ್ತದೆ.”

“ನಿಮ್ಮ ರಿಂದಾ ಎಷ್ಟು ವರ್ಷದಿಂದ ಕಲಿಯುತ್ತಿದ್ದಾಳೆ?”

“ಹುಟ್ಟಿದಾಗಿನಿಂದ. ಆರು ವರ್ಷ.”

“ಬೆಳಿಗ್ಗೆ ಎದ್ದರೆ ನಿದ್ದೆ ಬರುವತನಕ ಅದೇ ಉದ್ಯೋಗ. ದಿನಕ್ಕೆ ನೂರು ತಪ್ಪು. ಪೂರ್ತಿ ಬರುವತನಕ ಸುಮ್ಮನಿರು ಅಂತ ಯಾರಾದರೂ ಅಂದರೇ? ಈ ನಾಲ್ಕು ತಿಂಗಳಲ್ಲಿ ನೀವು ಬಾಯಿ ತೆರೆದದ್ದು ಎಷ್ಟು ಹೊತ್ತು, ಪಂತರೇ?”



ಮರುದಿನದಿಂದ ಅಡಿಗೆಮನೆಯಲ್ಲಿ ತಿಪ್ಪವ್ವನ ಹತ್ತಿರ ಕಲಿಯಬೇಕೆಂದು ಗುರುಗಳ ಅಪ್ಪಣೆಯಾಯಿತು. ತಿಪ್ಪವ್ವ ಆಶ್ರಮಕ್ಕೆ ರೊಟ್ಟಿ ಬಡಿಯುವ ಮುದುಕಿ. ಅಕ್ಷರ ಬಾರದವಳು.

ಎರಡೇ ದಿನಕ್ಕೆ ಪಂತರು ತಿರುಗಿ ಬಂದರು. ಆ ಮುದುಕಿಯ ಭಾಷೆ ಶುದ್ಧವಿಲ್ಲ, ಮನೆಗೆ ಮನಿ ಅನ್ನುತ್ತಾಳೆ, ಹೊಳೆಗೆ ಹೊಳಿ ಅನ್ನುತ್ತಾಳೆ, ಅವಳ ಹತ್ತಿರ ಕಲಿತರೆ ಇದ್ದದ್ದೂ ಕೆಡುತ್ತದೆ ಎಂದು ದೂರಿಕೊಂಡರು.

ಗುರುಗಳು ಶಾಂತವಾಗಿ ಕೇಳಿದರು. ಆಮೇಲೆ, “ಹೊಳೆ, ಹೊಳಿ. ಇವೆರಡರಲ್ಲಿ ಯಾವುದನ್ನು ದಾಟಲು ದೋಣಿ ಬೇಡ?” ಎಂದರು.

ಪಂತರು ಮತ್ತೆ ಅಡಿಗೆಮನೆಗೆ ಹೋದರು.

ಅವರಿಗೆ ಕೊಟ್ಟ ಕೆಲಸ ಸಣ್ಣದು. ಬಿಸಿರೊಟ್ಟಿಯ ಬುಟ್ಟಿ ಹೊತ್ತು ಪಂಕ್ತಿಗೆ ತರುವುದು, ರೊಟ್ಟಿ ಬಂತೆಂದು ಕೂಗಿ ಹೇಳುವುದು. ಬುಟ್ಟಿ ಹಿಡಿದು ಪಂಕ್ತಿಯ ಬಾಗಿಲಲ್ಲಿ ನಿಂತರು. ಮನಸ್ಸಿನಲ್ಲೇ ಎರಡು ಸಲ ಅಂದು ನೋಡಿಕೊಂಡರು. ಕೊನೆಗೆ ಗಟ್ಟಿಯಾಗಿಯೇ ಹೇಳಿದರು.

“ರೊಟ್ಟಿ ಬಂದಳು.”

ಉಣ್ಣುವವರ ಕೈ ನಿಂತವು. ಒಳಗಿನಿಂದ ತಿಪ್ಪವ್ವನ ದನಿ ಬಂತು. “ಯಾರು ಬಂದಾಕಿ? ಬಾಗಲದಾಗ ಯಾಕ ನಿಂದರಿಸೀರಿ ಪಂತರ, ಒಳಗ ಕರಕೊಂಡ ಬರ್ರಿ ಆಕೀನ್ನ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಪಂತರ ತಪ್ಪಿಗೂ ಒಂದು ಕಾರಣವಿತ್ತು. ಮರಾಠಿಯಲ್ಲಿ ರೊಟ್ಟಿ ಹೆಣ್ಣು. ಎಮ್ಮೆ ಹೆಣ್ಣು, ನದಿ ಹೆಣ್ಣು, ಕತ್ತಲೆಮನೆಯ ಮೂಲೆಯಲ್ಲಿರುವ ಪೆಟ್ಟಿಗೆಯೂ ಹೆಣ್ಣು. ಐವತ್ತು ವರ್ಷ ಹಾಗೆಯೇ ಆಡಿದ ನಾಲಿಗೆ ಅದು.

ಮುಖ ಕೆಂಪಾಗಿ ಒಳಗೆ ಬಂದ ಪಂತರು, ಹಾಗನ್ನಬಾರದು ಯಾಕೆ ಎಂದು ತಿಪ್ಪವ್ವನನ್ನು ಕೇಳಿದರು. ಅವರು ಕನ್ನಡದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು.

“ಯಾಕಂದ್ರ ಏನ ಹೇಳಲಿ? ಹೆಣಮಗಳು ಬಂದ್ರ ಬಂದ್ಳು. ಎಮ್ಮಿ ಬಂದ್ರ ಬಂತು, ರೊಟ್ಟಿ ಬಂದ್ರ ಬಂತು. ಇದನ್ನೂ ಒಬ್ಬರು ಹೇಳಿಕೊಡಬೇಕೇನ್ರಿ?”

ಪಂತರು ಕೋಣೆಗೆ ಹೋಗಿ ಪುಸ್ತಕ ಬಿಚ್ಚಿದರು. ಮೂರನೆಯ ಹಾಳೆಯಲ್ಲಿ ಅದೇ ಸೂತ್ರ ಇತ್ತು. ತಾವೇ ದುಂಡಗೆ ಬರೆದದ್ದು. ಬಾಯಿಪಾಠವೂ ಆಗಿತ್ತು. ಬಾಗಿಲಲ್ಲಿ ನಿಂತಾಗ ಮಾತ್ರ ಒದಗಲಿಲ್ಲ. ತಿಪ್ಪವ್ವ ಆ ಸೂತ್ರವನ್ನು ಕಂಡವಳಲ್ಲ, ಕೇಳಿದವಳಲ್ಲ. ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದವಳಲ್ಲ.

ಗುರುಗಳ ಮುಂದೆ ಹೋಗಿ ಪಂತರು ಬೆರಗಿನಿಂದ ಕೇಳಿದರು. “ಅಕ್ಷರವೇ ಬಾರದ ಆಕೆಗೆ ವ್ಯಾಕರಣ ಎಲ್ಲಿಂದ ಬಂತು?”

“ವ್ಯಾಕರಣ ಬರೆದವರು ಅದನ್ನು ತಂದದ್ದು ಆಕೆಯಂಥವರ ಮನೆಯಿಂದಲೇ,” ಎಂದರು ಗುರುಗಳು.

ಅಂದಿನಿಂದ ಪಂತರು ಒಲೆಯ ಮುಂದೆ ಕೂಡುವ ಮೊದಲು ತಿಪ್ಪವ್ವನಿಗೆ ಕೈಮುಗಿಯತೊಡಗಿದರು. ಕೈ ಮುಗಿಯೂದು ಸಾಕು, ಹಿಟ್ಟು ನಾದರಿ ಎಂದು ಆಕೆ ಗದರುತ್ತಿದ್ದಳು. ಪಂತರು ನಾದುತ್ತಿದ್ದರು, ತಪ್ಪುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಮಾತು ಬೆಳೆಯಿತು.

ಎರಡು ತಿಂಗಳು ಕಳೆಯಿತು. ಇನ್ನು ಮೊಮ್ಮಗಳ ಹತ್ತಿರ ಹೋಗಿ ಎಂದರು ಗುರುಗಳು.

ಪಂತರು ಗಾಬರಿಯಾದರು. ಇನ್ನೂ ತಪ್ಪು ಹೋಗಿಲ್ಲ, ಒಂದು ವರ್ಷವಾದರೂ ಬೇಕು, ಆ ಮಗುವಿನ ಮುಂದೆ ಎರಡನೆಯ ಸಲ ಸೋಲಲಾರೆ ಎಂದು ಬೇಡಿಕೊಂಡರು.

“ನೀವು ವರ್ಷ ಬಿಟ್ಟು ಹೋಗಬಹುದು,” ಎಂದರು ಗುರುಗಳು. “ಅವಳು ಅಷ್ಟು ದಿನ ಕೇಳುತ್ತಲೇ ಇರುತ್ತಾಳೆಯೇ?”

ಪಂತರು ಅಂದೇ ಹೊರಟರು.

ಮೂರನೆಯ ದಿನ ತಿರುಗಿ ಬಂದರು. ಮುಖ ಬಾಡಿತ್ತು. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಪಂತರು ಒಂದು ಮೆಟ್ಟಿಲು ಕೆಳಗೆ ಕೂತು, ನಡೆದದ್ದನ್ನು ಕನ್ನಡದಲ್ಲೇ ಹೇಳಿದರು.

ಗೋದು ಚಿಕ್ಕವಳಿದ್ದಾಗ ಹುಣಸೆ ಮರ ಹತ್ತಿದ ಕತೆಯನ್ನು ಮಗುವಿಗೆ ಹೇಳಹೊರಟರಂತೆ. ನಿಮ್ಮವ್ವ ಮರ ಹತ್ತಿದಳು ಎಂದೊಡನೆ ಮಗು ಬಿದ್ದು ಬಿದ್ದು ನಕ್ಕಿತು. ಬೀಗರ ಊರ ಕಡೆಯವರು ಮರಕ್ಕೆ ಗಿಡ ಎನ್ನುತ್ತಾರೆ. ಮರ ಎಂದರೆ ಕಾಳು ಕೇರುವ ಮೊರ. ಅಜ್ಜಾ, ಮರ ಹತ್ತತಾರೇನು, ಮರದಾಗ ಕೇರತಾರ ಎಂದು ಮಗು ತಿದ್ದಿತು. ಪಂತರು ತಿದ್ದಿಕೊಂಡು ಮುಂದುವರಿದರೆ ಇನ್ನೊಂದು ತಪ್ಪು. ಅದಕ್ಕೂ ನಗು. ಮತ್ತೊಂದು.

“ಅರ್ಧ ಗಳಿಗೆಯ ಕತೆಗೆ ಹನ್ನೊಂದು ತಪ್ಪು ಮಾಡಿದೆ, ಗುರುಗಳೇ. ಎಣಿಸಿದ್ದೇನೆ. ಇನ್ನೊಂದು ವರ್ಷ ನನ್ನನ್ನು ಇಲ್ಲೇ ಇರಿಸಿಕೊಳ್ಳಿ. ಸರಿಯಾಗಿ ಕಲಿತೇ ಹೋಗುತ್ತೇನೆ.”

“ಮಗು ಕೊನೆಯತನಕ ನಕ್ಕಿತೇ?”



“ಇಲ್ಲ,” ಎಂದರು ಪಂತರು. “ಗೋದು ಇಳಿಯಲಾರದೆ ಕೊಂಬೆಯ ಮೇಲೆ ಕೂತಿದ್ದಳು. ಯಾರು ಕರೆದರೂ ಇಳಿಯಲಿಲ್ಲ. ನಾನು ಹೋಗಿ ಕೆಳಗೆ ನಿಂತೆ. ಇನ್ನೂ ಕೈ ಚಾಚಿರಲಿಲ್ಲ, ಅಷ್ಟರಲ್ಲೇ ಜಿಗಿದುಬಿಟ್ಟಳು. ಅಷ್ಟು ಹೇಳುವಾಗ ರಿಂದಾ ನಗುವುದನ್ನು ಬಿಟ್ಟಳು. ಎದ್ದು ಬಂದು ನನ್ನ ತೊಡೆಯ ಮೇಲೆ ಕೂತಳು. ಬಹಳ ಹೊತ್ತು ಅತ್ತಳು.”

ಗುರುಗಳು ಅವರ ಬೆನ್ನ ಮೇಲೆ ಕೈಯಿಟ್ಟರು.

“ಆ ಹನ್ನೊಂದರಲ್ಲಿ ಅವಳು ಅತ್ತದ್ದು ಯಾವ ತಪ್ಪಿಗೆ, ಪಂತರೇ?”